ಕುಂಡ್ರಾಕ ಜಾಗ

"ಮಗ್ಗ ಎಲ್ಲಿ?"

ಶಿವಸಂಗಪ್ಪ ಹೊಸ್ತಿಲು ದಾಟಲಿಲ್ಲ. ಬಾಗಲಕೋಟೆಯ ದವಾಖಾನೆಯಲ್ಲಿ ಇಪ್ಪತ್ತಾರು ದಿನ ಮಲಗಿ, ಹೊಟ್ಟೆಯ ಹೊಲಿಗೆಯ ಮೇಲೆ ಕೈಯಿಟ್ಟುಕೊಂಡು ಆಗಷ್ಟೇ ಇಳಕಲ್ಲಿನಲ್ಲಿ ಬಸ್ಸಿಳಿದಿದ್ದ. ಮೂವತ್ತು ವರ್ಷ ಅವನು ಸೀರೆ ನೇಯ್ದ ಪಡಸಾಲೆಯಲ್ಲಿ ಈಗ ಮಗ್ಗದ ಕುಣಿಗೆ ಹಲಗೆ ಮುಚ್ಚಿ ಮೇಲೊಂದು ದಿವಾನ ಹಾಕಿತ್ತು. ಗೋಡೆಗುಂಟ ಆರು ದಿಂಬು. ಆರಕ್ಕೂ ಕೆಂಪು ಹೂವಿನ ಹತ್ತಿಬಟ್ಟೆಯ ಹೊಸ ಗವಸು.

"ಬಿಚ್ಚಿ ಕೊಟ್ಟೇನ್ರಿ," ಎಂದಳು ರತ್ನಾಬಾಯಿ. "ಇನ್ನ ನೇಯಬಾರದಂತ ಡಾಕ್ಟರ್ ಹೇಳ್ಯಾರಲ್ಲ." ಬಸ್ಸಿನಲ್ಲಿ ದಾರಿಯುದ್ದಕ್ಕೂ ಗಂಡನ ಪಕ್ಕ ಕೂತು ಇದೇ ಮಾತನ್ನು ಮನಸ್ಸಿನಲ್ಲೇ ಉರುಹೊಡೆದಿದ್ದಳು.

ಅವನು ದಿವಾನದ ಅಂಚಿಗೆ ಕೂತು ಗವಸನ್ನು ಹೆಬ್ಬೆರಳಿನಲ್ಲಿ ತಿಕ್ಕಿ ನೋಡಿದ. "ಗಿರಣಿ ಅರಿವಿ. ಎರಡ ಸಲ ಒಗದ್ರ ಹೂ ಹೋಗ್ತಾವ."

ರತ್ನಾಬಾಯಿಗೆ ಉಸಿರು ಬಂತು. ಅಷ್ಟರಲ್ಲಿ ಪಕ್ಕದ ಮನೆಯ ಸುಲ್ತಾನಾ ಒಳಗೆ ಬಂದಳು.

"ಹೋದ್ರ ಹೋಗ್ಲಿ ಬಿಡ್ರಿ ಕಾಕಾ, ನವಾಬರಂಗ ಒರಗಿ ಕುಂಡ್ರಿ! ಆರೂ ನಾನ ಹೊಲದದ್ದು. ನಿಮ್ಮ ಆಪರೇಷನ್ ದಿವಸ ಬಟ್ಟಿ ತಂದು, ಅವತ್ತ ಆಗಬೇಕಂತ ಕಾಕಿ ಬೆನ್ನ ಹತ್ತಿದ್ರು."

ಸುಲ್ತಾನಾ ಇಬ್ಬರ ಮುಖವನ್ನೂ ನೋಡಿ, "ಒಲಿ ಮ್ಯಾಲ ಹಾಲಿಟ್ಟೇನಿ," ಎಂದು ಹೊರಟುಹೋದಳು.

"ನೇಯಬ್ಯಾಡ ಅಂತ ಡಾಕ್ಟರ್ ಅಂದದ್ದು ಆಪರೇಷನ್ ಆಗಿ ವಾರದ ಮ್ಯಾಲ," ಶಿವಸಂಗಪ್ಪ ಮೆಲ್ಲಗೆ ಹೇಳಿದ.

ಅವಳು ಒಂದು ದಿಂಬಿನ ಮೂಲೆ ಸರಿಮಾಡಿದಳು.

"ಯಾರು ಕುಂಡ್ರಲಿ ಅಂತ ಇಷ್ಟೆಲ್ಲ?"

ಸುಳ್ಳು ನಾಲಿಗೆಯ ತುದಿಗೇ ಬಂದಿತ್ತು. ಆಪರೇಷನ್ನಿನ ಬೆಳಿಗ್ಗೆ, ಉಳಿಯುವ ಭರವಸೆ ಇಲ್ಲವೆಂದ ಕಾಗದಕ್ಕೆ ಮಗ ಸಹಿ ಹಾಕುವಾಗ, ಅವಳು ಅಲ್ಲಿ ನಿಲ್ಲಲಾಗದೆ ಊರಿಗೆ ಓಡಿಬಂದಿದ್ದಳು. ಮಗ್ಗ ತುಂಬಿದ ಪಡಸಾಲೆಯಲ್ಲಿ ನಿಂತು, ಎಷ್ಟು ಮಂದಿ ಹಿಡಿಸಬಹುದೆಂದು ಲೆಕ್ಕ ಹಾಕಿದ್ದಳು.

"ಮಂದಿ," ಎಂದಳು. "ಏನರ ಆಗಿದ್ರ ಮಂದಿ ಬರ್ತಿದ್ರಲ್ರೀ. ಕುಂಡ್ರಾಕ ಜಾಗಾನ ಇರಲಿಲ್ಲ. ನೀವು ಬಂದ್ರ ನೀವು ಕುಂಡ್ರತೀರಿ, ಇಲ್ಲಂದ್ರ..."

ಹಿಂದಿನ ಓಣಿಯಲ್ಲಿ ಪವರ್‌ಲೂಮು ಬಡಿಯುತ್ತಿತ್ತು. ಅವನು ಕೇಳಿದ, "ನೀ ಒಮ್ಮೆರ ಇದರ ಮ್ಯಾಲ ಕುಂತಿಯೇನು?"

"ಇಲ್ಲ."

"ಕುಂಡ್ರು."

ಗದರಿದನೋ ಕರೆದನೋ ಅವಳಿಗೆ ತಿಳಿಯಲಿಲ್ಲ. ಇನ್ನೊಂದು ತುದಿಯಲ್ಲಿ ಕೂತಳು. ಆ ಅಲುಗಾಟಕ್ಕೆ ನಡುವಿನ ದಿಂಬೊಂದು ಜಾರಿ, ಹೂ ಕೆಳಗಾಗಿ ನೆಲಕ್ಕೆ ಬಿತ್ತು. ಹೊಲಿಗೆಯಿಂದಾಗಿ ಅವನಿಗೆ ಬಗ್ಗಲು ಬರುತ್ತಿರಲಿಲ್ಲ. ಅದನ್ನು ಎತ್ತಿಡಲು ಅವಳೂ ಏಳಲಿಲ್ಲ.