ಹಗಲಿನಲ್ಲಿ ದೀಪದ ಬೀಬಿ

ಸುರಪುರಕ್ಕೆ ಬಂದಿಳಿಯುವಷ್ಟರಲ್ಲಿ ನಮ್ಮ ಮೂವರಿಗೂ ಮಾತು ಸಾಕಾಗಿತ್ತು. ಟೆಂಪೋದ ಹಿಂದೆ ಡ್ರಮ್ಮಿನ ಮೇಲೆ ತಲೆಯಿಟ್ಟು ಮಲಗಿದ್ದ ರಾಮಲಿಂಗ ಎದ್ದು ಕೂತು, ಶಾದಿಮಹಲಿನ ಮುಂದೆ ಕಟ್ಟಿದ್ದ ಗುಲಾಬಿ ಬಣ್ಣದ ಶಾಮಿಯಾನ ನೋಡಿ, "ನಮ್ಮ ಸಲುವಾಗಿ ಇಷ್ಟ್ಯಾಕ ಖರ್ಚ ಮಾಡ್ಯಾರ?" ಅಂದ.

ನಮ್ಮ ಸಲುವಾಗಿ ಅಲ್ಲ. ನಮ್ಮನ್ನು ಕರೆಸಿದ್ದ ಅಮಾತೆಪ್ಪ ಮಾಸ್ತರರು ಟವೆಲಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತ ಬಂದರು.

"ತಪ್ಪ ತಿಳ್ಕೊಬ್ಯಾಡ್ರಿ. ಸಂಜೀಕ ಮಹಲು ಮದುವಿಗಿ ಕೊಟ್ಟಬಿಟ್ಟಾರ. ನೀವು ಊಟ ಆದಮ್ಯಾಲ ಶುರು ಮಾಡಿ, ಬಿಸಿಲು ಇಳಿಯೋದ್ರಾಗ ಮುಗಿಸಿಬಿಡ್ರಿ."

"ಮಾಸ್ತರ್ರ, ನಮ್ಮವು ಕತ್ತಲಾಗ ಹಾಡೂ ಹಾಡ್ರಿ," ಅಂದ ವಹಾಬ. ಗಿಟಾರ್ ಅವನದು, ಟೆಂಪೋ ಅವನ ಮಾಮುವಿನದು. ಹಾಡುವವಳು ನಾನು.

"ಕಣ್ಣ ಮುಚ್ಕೊಂಡು ಕೇಳ್ತಾರ ಬಿಡ್ರಿ."

ನಮ್ಮ ಬ್ಯಾಂಡಿನ ಹೆಸರು ‘ಹಾಳಬಾವಿ’. ಗಾಥಿಕ್ ರಾಕ್ ಅಂದರೇನು ಎಂದು ಯಾರಾದರೂ ಕೇಳಿದರೆ ರಾಮಲಿಂಗ, "ಕರೇ ಅರಿವಿ ಹಾಕ್ಕೊಂಡು, ಕಣ್ಣ ತುಂಬ ಕಾಡಿಗಿ ಬಳಕೊಂಡು, ಅಳೂ ಹಾಡು ಜೋರಾಗಿ ಹಾಡೋದು" ಎನ್ನುತ್ತಿದ್ದ. ಅದಕ್ಕಿಂತ ಚಂದಾಗಿ ನನಗೂ ಹೇಳಲು ಬಾರದು. ಯಾದಗಿರಿಯಲ್ಲಿ ನಮ್ಮ ಮುಂದೆ ಕೂತವರಲ್ಲಿ ಅರ್ಧ ಜನ ಫ್ಯಾನಿನ ಗಾಳಿಗೆ ಬಂದವರು. ನನ್ನೂರು ಶಹಾಪುರದಲ್ಲಿ ಮೊದಲ ಹಾಡು ಮುಗಿಯುವ ಮೊದಲೇ ಕರೆಂಟು ಹೋಯಿತು, ಮತ್ತೆ ಬರಲಿಲ್ಲ. ಈ ತಿರುಗಾಟದಲ್ಲಿ ಸುರಪುರವೇ ಕಡೆಯದು. ಇದಾದ ಮೇಲೆ ವಹಾಬ ಸಿಂದಗಿಯಲ್ಲಿ ಟೈರಿನ ಅಂಗಡಿಗೆ ಹೋಗಿ ಕೂರುವವನು, ರಾಮಲಿಂಗ ಮದುವೆ ಬಾಜಾದವರ ಕೂಡ ಹೋಗುವವನು. ಬ್ಯಾಂಡು ಮುಗಿಯಿತೆಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳುವಷ್ಟು ತ್ರಾಣವೂ ಉಳಿದಿರಲಿಲ್ಲ. ‘ದೀಪದ ಬೀಬಿ’ಯನ್ನು ಒಮ್ಮೆಯಾದರೂ ಮಂದಿಯ ಮುಂದೆ ಪೂರ್ತಿ ಹಾಡಬೇಕು ಎಂಬುದೊಂದೇ ನನ್ನ ಆಸೆ.

ಅದು ನನ್ನ ದಾದಿ, ಅಂದರೆ ಅಪ್ಪನ ತಾಯಿ, ಮಸ್ತಾನಬಿ ಹೇಳಿದ ಕತೆ. ಪರವೂರಿಗೆ ಹೋದ ಗಂಡ ಹೊಳೆದಂಡೆಯಲ್ಲಿ ದಾರಿ ತಪ್ಪಿದ. ಹೆಂಡತಿ ದೀಪ ಹಿಡಿದು ಹುಡುಕುತ್ತ ಹೋದಳು. ಅವಳ ಬೆಳಕು ನೋಡಿ ಯಾರ್ಯಾರೋ ತಮ್ಮ ತಮ್ಮ ಮನೆ ಮುಟ್ಟಿದರು, ಅವಳ ಗಂಡನೊಬ್ಬ ಬರಲಿಲ್ಲ. ಸತ್ತ ಮೇಲೂ ಅವಳು ದೀಪ ಕೆಳಗಿಡಲಿಲ್ಲ. ಈ ಕತೆಯನ್ನು ಹಾಡು ಮಾಡಿಕೊಳ್ಳುತ್ತೇನೆಂದಾಗ ದಾದಿ ಒಂದೇ ಷರತ್ತು ಹಾಕಿದ್ದಳು: ದೀಪ ಹಚ್ಚಿದ ಮೇಲೆಯೇ ಹಾಡಬೇಕು. ಹಗಲು ಹೊತ್ತು ಕತೆ ಹೇಳಿದರೆ ದಾರಿಯಲ್ಲಿರುವವರು ದಾರಿ ತಪ್ಪುತ್ತಾರೆ. ಅದರಲ್ಲೂ ಈ ಬೀಬಿಯನ್ನು ಹಗಲಲ್ಲಿ ಕರೆದರೆ, ಬಿಸಿಲಿನಲ್ಲಿ ಅವಳ ದೀಪ ಯಾರಿಗೆ ಕಾಣಬೇಕು?

ದಾದಿಗೆ ಫೋನ್ ಮಾಡಿದೆ. ನಮ್ಮ ಮನೆಯ ಮಾತು ದಖನಿ ಉರ್ದು. ದಾದಿ ಕನ್ನಡಕ್ಕೆ ಇಳಿದಳೆಂದರೆ ಸಿಟ್ಟು ಬಂದಿದೆ ಎಂದರ್ಥ.

"ಹಗಲಿನಾಗ? ನಿಮ್ಮಪ್ಪ ಲಾರಿ ತಗೊಂಡು ರಾಯಚೂರ ಕಡಿ ಹೋಗ್ಯಾನ, ಗೊತ್ತದಿಲ್ಲೊ?"

"ಗೊತ್ತದ ದಾದಿ. ಅದಕ್ಕ ಕೇಳಾಕತ್ತೇನಿ."

"ಕೇಳಿ ಹಾಡ್ತೀಯೊ, ಹಾಡಿ ಕೇಳ್ತೀಯೊ?"

"ನೀ ಬ್ಯಾಡ ಅಂದ್ರ ಹಾಡಂಗಿಲ್ಲ."

ಆ ಕಡೆಯಿಂದ ಅಡಕತ್ತರಿಯ ಸಪ್ಪಳ ಬಂತು. "ತಡಿ," ಅಂದವಳೇ ಫೋನ್ ಇಟ್ಟಳು.

"ಲಾರಿಗಿ ಮೊಬೈಲಿನ್ಯಾಗ ದಾರಿ ಕಾಣಸ್ತದಲ್ಲವಾ," ಅಂದ ರಾಮಲಿಂಗ.

"ನೀ ಬಾರಿಸೂಕಿಂತ ಮೊದಲ ಕೋಲು ಹಣಿಗಿ ಯಾಕ ಹಚ್ಕೊಂತಿ?" ಅಂದೆ.

ಅವನು ಡ್ರಮ್ಮು ಇಳಿಸಲು ಹೋದ.

ಊಟವಾಯಿತು, ಶುರು ಮಾಡಿದೆವು. ಕಾಲೇಜಿನ ಹುಡುಗರು ಹಿಂದಿನ ಕುರ್ಚಿಗಳಲ್ಲಿ ಮೊಬೈಲು ನೋಡುತ್ತಿದ್ದರು. ಪಕ್ಕದಲ್ಲಿ ಮದುವೆ ಅಡಿಗೆಯವರು ತಾಡಪತ್ರಿ ಹಾಸಿಕೊಂಡು ಉಳ್ಳಾಗಡ್ಡಿ ಹೆಚ್ಚುತ್ತಿದ್ದರು. ಕಣ್ಣೀರು ಬರುತ್ತಿದ್ದುದು ಅವರಿಗೆ ಮಾತ್ರ. ಗುಲಾಬಿ ಬಟ್ಟೆಯ ಕೆಳಗೆ ನಮ್ಮ ಕರಿ ಉಡುಪೂ ಗುಲಾಬಿ ಹೊಡೆಯುತ್ತಿತ್ತು. ಬೆವರಿಗೆ ಕಾಡಿಗೆ ಕರಗಿ ಬಾಯಿಗಿಳಿದಿತ್ತು. ಎರಡು ಹಾಡು ಯಾರಿಗೂ ಬೇಡದವಳಂತೆ ಹಾಡಿದೆ. ಅಷ್ಟರಲ್ಲಿ ಅಬ್ಬಾ ಫೋನ್ ಮಾಡಿದರು. ನಾನು ಹಾಡುವುದನ್ನು ಅವರು ಒಂದು ದಿನವೂ ಕೇಳಿದವರಲ್ಲ.

"ದೇವದುರ್ಗದ ಈಚಿ ಹೊಟೇಲಿನ ಮುಂದ ಗಾಡಿ ಹಚ್ಚೇನಿ," ಅಂದರು. ಹೊಟೇಲಿನ ಮಂದಿಯ ನಡುವೆ ನಿಂತಾಗ ಅಬ್ಬಾ ನನ್ನ ಜೊತೆಯೂ ಕನ್ನಡದಲ್ಲೇ ಮಾತಾಡುತ್ತಾರೆ. "ನಿಮ್ಮ ದಾದಿ ಹುಕುಂ ಆಗ್ಯಾದ. ನಿನ್ನ ಹಾಡು ಮುಗಿಯೋತನಕ ಗಾಲಿ ಉಳ್ಳಬಾರದಂತ."

"ಲೋಡು?"

"ಭತ್ತ ಅದ. ಹೊತ್ತಾದ್ರ ಗಿರಣಿ ಹಮಾಲರು ಮನಿಗಿ ಹೋಗ್ತಾರ, ನಾ ಅಲ್ಲೇ ಬೀಳ್ಬೇಕು. ಜಲ್ದಿ ಹಾಡಿ ಹೇಳು."

ಕಣ್ಣು ಮುಚ್ಚಿ ಹಾಡಿದೆ. ಬೀಬಿ ದೀಪ ಹಚ್ಚುವಾಗ ಇನ್ನೂ ಕುರ್ಚಿಗಳ ಗಲಾಟೆ ಇತ್ತು. ಅವಳು ಹೊಳೆಗೆ ಇಳಿಯುವಾಗ ಇರಲಿಲ್ಲ. ಕಣ್ಣು ತೆರೆದರೆ ಉಳ್ಳಾಗಡ್ಡಿಯ ಈಳಿಗೆಗಳು ನಿಂತಿದ್ದವು. ಮದುವೆ ಮನೆಯ ಹೆಂಗಸರು ಅರ್ಧ ಕಟ್ಟಿದ ಹೂವು ಹಿಡಿದು ಬಾಗಿಲಿಗೆ ಬಂದಿದ್ದರು. ಹುಡುಗರು ಮೊಬೈಲು ಇಳಿಸಿದ್ದರು. ರಾಮಲಿಂಗ ಎಂದೂ ಇಲ್ಲದಷ್ಟು ಮೆತ್ತಗೆ ಬಾರಿಸುತ್ತಿದ್ದ. ಕಡೆಗೆ ವಹಾಬನ ತಂತಿ ಒಂದೇ ಸ್ವರ ಎಳೆಯುವ ಜಾಗವಿದೆ. ಅದನ್ನು ಎಷ್ಟು ಬೇಕಾದರೂ ಎಳೆಯಬಹುದು. ಅವನು ಎಳೆಯುತ್ತಲೇ ನನ್ನ ಮುಖ ನೋಡಿದ. ನನಗೆ ಕಂಡದ್ದು ರಸ್ತೆಯ ಪಕ್ಕ ಬಿಸಿಲಲ್ಲಿ ನಿಂತ ಲಾರಿ. ಬೇಗ ಮುಗಿಸಿದೆ.

ಆಮೇಲೆ ಅಡಿಗೆಯವರಲ್ಲಿ ಒಬ್ಬಳು ಅಂದಳು, "ಇನ್ನೊಮ್ಮೆ ಹಾಡ ತಂಗಿ. ಮೊದಲಿನ ಮಾತು ನನಗ ಕೇಳಿಸಲಿಲ್ಲ."

ಹುಡುಗರೂ ಕೂಗಿದರು. ಇಷ್ಟು ದಿನ ತಿರುಗಿದ್ದರಲ್ಲಿ ನಮ್ಮನ್ನು ಇನ್ನೊಮ್ಮೆ ಎಂದು ಕೇಳಿದ್ದು ಇದೇ ಮೊದಲು. ವಹಾಬ ಆಗಲೇ ಮೊದಲಿನ ಸ್ವರ ಹಿಡಿದಿದ್ದ. ನಾನು ಬೇಡವೆಂದು ತಲೆಯಾಡಿಸಿದೆ.

"ಹುಚ್ಚಿ ಇದ್ದೀಯೇನು?" ಅಂದ ಹಲ್ಲು ಕಚ್ಚಿ. "ಈಗಲ್ಲದಿದ್ರ ಯಾವಾಗ?"

"ಅಬ್ಬಾ ದಾರ್ಯಾಗ ನಿಂತಾರ."

ಅವನು ತಂತಿಗಳ ಮೇಲೆ ಅಂಗೈ ಇಟ್ಟು ಸದ್ದಡಗಿಸಿದ. ನನ್ನತ್ತ ತಿರುಗಿ ನೋಡಲಿಲ್ಲ.

ಶಾಮಿಯಾನದ ಹಿಂದೆ ಹೋಗಿ ಫೋನ್ ಹಚ್ಚಿದೆ. "ಮುಗೀತು ಅಬ್ಬಾ. ಹೊಂಡ್ರಿ."

"ಮಂದಿ ಇದ್ರೇನು?"

"ಇದ್ರು. ಇನ್ನೊಮ್ಮೆ ಹಾಡು ಅಂದ್ರು."

"ಮತ್ತ ಹಾಡಬೇಕಿತ್ತಿಲ್ಲೊ?"

"ನೀವು ನಿಂತಿದ್ರಲ್ಲ."

ಚಹಾದ ಬಸಿ ಕೆಳಗಿಟ್ಟ ಸಪ್ಪಳ. "ಹಮಾಲರು ಆಗಲೇ ಹೋದ್ರಂತ. ಗಿರಣಿಗಿ ಫೋನ್ ಮಾಡಿದ್ದೆ. ನನಗಿನ್ಯಾವ ಅವಸರ ಇತ್ತು? ಒಂದ ಮಾತು ಕೇಳಬೇಕಿತ್ತಿಲ್ಲೊ."

ಕುರ್ಚಿಗಳು ಒಂದರ ಮೇಲೊಂದು ಏರುತ್ತ ಒಳಗೆ ಹೋಗುತ್ತಿದ್ದವು. ನಾವು ನಿಂತಿದ್ದ ಜಾಗದಲ್ಲಿ ಮದುವೆಯ ಡಿಜೆಯವರು ಡಬ್ಬಿ ಇಳಿಸುತ್ತಿದ್ದರು.

"ಈಗ ಹಾಡಂಗಿಲ್ಲೇನು?"

"ಇಲ್ಲ ಅಬ್ಬಾ. ಎಲ್ಲ ತಗದಾರ."

"ಹೂಂ." ಇಂಜಿನ್ ಶುರುವಾಗುವುದನ್ನು ಕಾದೆ. ಆಗಲಿಲ್ಲ. "ನಾ ಸಣ್ಣಂವ ಇದ್ದಾಗ ಅಮ್ಮಾ ಈ ಕತಿ ಹೇಳ್ತಿದ್ದಳು. ಬೀಬಿ ಹೊಳಿಗಿ ಇಳಿಯೋದ್ರಾಗ ನನಗ ನಿದ್ದಿ ಹತ್ತತಿತ್ತು. ಮುಂದ ಏನಾಗ್ತದ?"

"ಗಾಡಿ ನಿಂತೇ ಅದಲ್ಲ?"

"ನಿಂತದ."

ಸ್ಪೀಕರಿನ ಖಾಲಿ ಪೆಟ್ಟಿಗೆಯ ಮೇಲೆ ಕೂತೆ. ಗಂಟಲು ಕೂತು ಹೋಗಿತ್ತು, ಇನ್ನು ಹಾಡು ಏಳುವಂತಿರಲಿಲ್ಲ. ಬೀಬಿ ಹೊಳೆಗೆ ಇಳಿದಲ್ಲಿಂದ ಬರೀ ಮಾತಿನಲ್ಲಿ ಹೇಳತೊಡಗಿದೆ.