ಮೂವತ್ತೇಳನೆಯ ನಕ್ಷತ್ರ ಮತ್ತು ನಮ್ಮ ಭಾವ

"ಊಟ ಆಯ್ತಾ?" ಎಂದು ಯಾರಾದರೂ ಕೇಳಿದರೆ ನಮ್ಮ ಭಾವ ಥಟ್ಟನೆ ಉತ್ತರ ಕೊಟ್ಟದ್ದನ್ನು ನಾನು ಈ ಇಪ್ಪತ್ತೆರಡು ವರ್ಷಗಳಲ್ಲಿ ಒಮ್ಮೆಯೂ ಕಂಡಿಲ್ಲ. ಎಡಗಣ್ಣನ್ನು ಅರ್ಧ ಮುಚ್ಚಿ, ಕತ್ತನ್ನು ತುಸು ಓರೆ ಮಾಡಿ, ಹೊಟ್ಟೆಯೊಳಗೆ ಹೋಗಿ ಖುದ್ದಾಗಿ ನೋಡಿ ಬಂದವರಂತೆ ಒಂದು ಕ್ಷಣ ನಿಂತು, ಅನಂತರ "ಆಗಿದೆ ಅನ್ಸತ್ತೆ" ಎನ್ನುತ್ತಾರೆ. ನಮ್ಮ ಅಮ್ಮನಿಗೆ ಇದು ಮಹಾ ಗಾಂಭೀರ್ಯದ ಲಕ್ಷಣವಾಗಿ ಕಾಣುತ್ತದೆ. "ಅಳಿಯಂದಿರ ಮಾತಿಗೆ ಒಂದು ತೂಕ ಇದೆ, ನೀನು ಬಾಯಿಗೆ ಬಂದದ್ದು ಒದರ್ತೀಯ" ಎಂದು ಅವಳು ನನಗೆ ಹೇಳದ ವಾರವಿಲ್ಲ. ಸುತ್ತಿ ಬಳಸಿ ಹೇಳುವುದೇಕೆ, ನನಗೆ ಅವರನ್ನು ಕಂಡರೆ ಹೊಟ್ಟೆಕಿಚ್ಚು.

ಬರಿಯ ಅಕ್ಕನ ಗಂಡನಾಗಿದ್ದರೆ ವರ್ಷಕ್ಕೆರಡು ಸಲ ಹಲ್ಲುಕಚ್ಚಿ ಸಹಿಸಿಕೊಳ್ಳಬಹುದಿತ್ತು. ಗ್ರಹಚಾರ ನೋಡಿ, ಒಂದೇ ವೀಕ್ಷಣಾಲಯದ ಒಂದೇ ಕೋಣೆಯಲ್ಲಿ ನಮ್ಮಿಬ್ಬರ ಮೇಜುಗಳು ಎದುರುಬದುರು. ಲಕ್ಷಾಂತರ ತಾರೆಗಳು ಜೇನುಹುಳುಗಳ ಹಾಗೆ ಒಂದರ ಮೇಲೊಂದು ಮುತ್ತಿಕೊಂಡಿರುವ ಗೋಳಾಕಾರದ ಗುಚ್ಛವೊಂದು ಆಕಾಶದಲ್ಲಿದೆ. ಅದರಲ್ಲಿ ಕೆಲವು ತಾರೆಗಳು ಗಂಟೆಗಳ ಲೆಕ್ಕದಲ್ಲಿ ಬೆಳಗಿ, ಮಂಕಾಗಿ, ಮತ್ತೆ ಬೆಳಗುತ್ತವೆ. ರಾತ್ರಿಯವರು ಅದನ್ನು ಗಾಜಿನ ಫಲಕಗಳ ಮೇಲೆ ಸೆರೆಹಿಡಿದು ಮಲಗಲು ಹೋದ ಮೇಲೆ, ಹಗಲಿನವರಾದ ನಾವು ಭೂತಗನ್ನಡಿ ಹಿಡಿದು, ಇಂಥ ಚಂಚಲ ತಾರೆಯನ್ನು ಅಕ್ಕಪಕ್ಕದ ಸ್ಥಿರ ತಾರೆಗಳೊಡನೆ ಹೋಲಿಸಿ, ಅದರ ಒಂದು ಸುತ್ತಿಗೆ ಎಷ್ಟು ಹೊತ್ತು ಹಿಡಿಯುತ್ತದೆಂದು ನಿರ್ಣಯಿಸಬೇಕು. ನಾನು ಈ ವಿದ್ಯೆಯಲ್ಲಿ ಡಾಕ್ಟರೇಟ್ ಪಡೆದು ಬಂದವನು. ಅವರು ಅಳತೆಗಾರರಾಗಿ ಸೇರಿ, ಅಳೆಯುತ್ತಲೇ ಕಲಿತವರು.

ಅವರ ಕಂದು ಕೋಟಿನ ಬಲಜೇಬು ಭೂತಗನ್ನಡಿಯ ಭಾರಕ್ಕೆ ಜೋತುಬಿದ್ದು, ಕೋಟಿಲ್ಲದಾಗಲೂ ಬಲಭುಜ ಒಂದಂಗುಲ ಕೆಳಗೇ ಇರುತ್ತದೆ. ಬರಿಗೈಯಲ್ಲಿ ನಡೆಯುವಾಗಲೂ ಎರಡು ಕೈಯಲ್ಲೂ ಗಾಜು ಹಿಡಿದವರಂತೆ ಗೋಡೆಯ ಪಕ್ಕದಲ್ಲಿ, ಎದುರಿನವರಿಗೆ ದಾರಿ ಬಿಟ್ಟು, ಮೆಲ್ಲಗೆ ಸರಿಯುತ್ತಾರೆ. ಎಲ್ಲಕ್ಕಿಂತ ಮೈ ಉರಿಸುವುದು ಅವರ ಹೀರುಕಾಗದ. ಹಿಂದಿನ ದಿನ ಬರೆದ ಅಂಕಿಗಳ ಮೇಲೆ ಅದನ್ನು ಮುಚ್ಚಿಯೇ ಅವರು ಹೊಸ ಅಳತೆಗೆ ಕೂರುವುದು. "ನಿನ್ನೆಯದು ಕಣ್ಣಿಗೆ ಬಿದ್ರೆ, ಕಣ್ಣು ಇವತ್ತೂ ಅದನ್ನೇ ಹುಡುಕತ್ತೆ" ಎನ್ನುತ್ತಾರೆ. ಒಮ್ಮೆ ಹಾಲು ಕೆಟ್ಟಿದೆಯೇ ಎಂದು ನೋಡಿ ಹೇಳಿ ಅಂದ ಅಕ್ಕನಿಗೆ, "ನೀನು ಏನಂದ್ಕೊಂಡಿದೀಯ ಅಂತ ಮಾತ್ರ ಮೊದಲೇ ಹೇಳ್ಬೇಡ" ಎಂದರಂತೆ. ಅಕ್ಕ ಇದನ್ನು ಹೆಮ್ಮೆಯಿಂದ ಹೇಳಿಕೊಂಡು ತಿರುಗುತ್ತಾಳೆ.

ನಮ್ಮ ವಿಭಾಗದ ಮುಖ್ಯಸ್ಥರು ನಿವೃತ್ತರಾಗುವ ವರ್ಷ, ಆ ಕುರ್ಚಿಯ ಮೇಲೆ ಕಣ್ಣಿಟ್ಟು, ನಾನು ನಲವತ್ತು ತಾರೆಗಳ ಅವಧಿಗಳನ್ನು ಒಂದು ಪ್ರಬಂಧವಾಗಿ ಸಿದ್ಧಪಡಿಸಿದೆ. ಮೂವತ್ತೇಳನೆಯದಕ್ಕೆ ಎಂಟು ಗಂಟೆ ಇಪ್ಪತ್ತೈದು ನಿಮಿಷ. ಅದರ ಬೆಳಕಿನ ಏರಿಳಿತದ ನನ್ನ ನಕ್ಷೆಯನ್ನು ಭಾವ ಬಹಳ ಹೊತ್ತು ನೋಡಿದರು.

"ಇದು ಕಡಿದಾಗಿ ಏರಿ ನಿಧಾನಕ್ಕೆ ಇಳೀತಿದೆ. ಎಂಟು ಗಂಟೆಯವು ಹೀಗೆ ಏರಲ್ಲ ಕಣಯ್ಯ. ದಿನಕ್ಕೆ ಒಂದು ಸುತ್ತು ಜಾಸ್ತಿ ಎಣಿಸಿದೀಯ ಅನ್ಸತ್ತೆ."

ನಮ್ಮ ಕಸುಬಿನ ಹಳೆಯ ಹಳ್ಳ ಅದು. ಪ್ರತಿ ರಾತ್ರಿ ಹೆಚ್ಚುಕಡಿಮೆ ಅದೇ ಹೊತ್ತಿಗೆ ಚಿತ್ರ ತೆಗೆದರೆ, ನಡುವಿನ ಹಗಲಲ್ಲಿ ತಾರೆ ಇನ್ನೊಂದು ಸುತ್ತು ಹೊಡೆಯಿತೋ ಇಲ್ಲವೋ ಫಲಕಕ್ಕೆ ಗೊತ್ತಾಗುವುದಿಲ್ಲ. ನನಗೆ ಗೊತ್ತಿತ್ತು, ನಾನೇ ಮತ್ತೊಮ್ಮೆ ಪರೀಕ್ಷಿಸಬೇಕೆಂದಿದ್ದೆ ಕೂಡ. ಆದರೆ ಅವರ ಬಾಯಿಂದ ಬಂದ ಮೇಲೆ ಅದನ್ನು ಒಪ್ಪುವುದು ನನ್ನ ಕೈಲಾಗಲಿಲ್ಲ. "ಅನ್ಸತ್ತೆ ಅನ್ನೋದನ್ನೆಲ್ಲ ಅಚ್ಚು ಹಾಕ್ಸಕ್ಕಾಗಲ್ಲ ಭಾವ" ಎಂದು, ಅಂದೇ ಮಧ್ಯಾಹ್ನ ಪ್ರಬಂಧವನ್ನು ಅಂಚೆಗೆ ಹಾಕಿದೆ.

ಅವರು ವಾದ ಮಾಡಲಿಲ್ಲ. ಭೂಮಿಯ ಆ ಮಗ್ಗುಲಿನ, ನಮಗೆ ಹಗಲಾದಾಗ ರಾತ್ರಿಯಿರುವ ವೀಕ್ಷಣಾಲಯವೊಂದಕ್ಕೆ ಕಾಗದ ಬರೆದರು. ಐದು ತಿಂಗಳಿಗೆ ಹತ್ತಿಯಲ್ಲಿ ಸುತ್ತಿದ ಫಲಕಗಳು ಮರದ ಪೆಟ್ಟಿಗೆಯಲ್ಲಿ ಬಂದವು. ನನ್ನ ಕಣ್ಣೆದುರಿಗೇ ಏಳು ವಾರ ಅಳೆದರು. ಮುಚ್ಚಿಡಲೂ ಇಲ್ಲ, ತೋರಿಸಲೂ ಇಲ್ಲ. ಕೇಳುವ ಧೈರ್ಯ ನನಗಿರಲಿಲ್ಲ.

ಅವರ ಲೇಖನ ಅಚ್ಚಾಗಿ ಬಂದ ದಿನ ಗ್ರಂಥಾಲಯದ ಕಪಾಟಿನ ಹಿಂದೆ ಕಳ್ಳನಂತೆ ನಿಂತು ಓದಿದೆ. ಒಂದು ಕೊಂಕುಮಾತು ಸಿಕ್ಕರೆ ಸಾಕಿತ್ತು, ಜನ್ಮವಿಡೀ ಸಿಟ್ಟು ಮಾಡಿಕೊಂಡು ಸುಖವಾಗಿರುತ್ತಿದ್ದೆ. ಇದ್ದದ್ದು ಒಂದು ಕೋಷ್ಟಕ: ಅವಧಿ ತಪ್ಪಾಗಿ ಎಣಿಸಲಾದ ತಾರೆಗಳು, ಹನ್ನೆರಡು. ಮೂವತ್ತೇಳನೆಯದಕ್ಕೆ ಹನ್ನೆರಡು ಗಂಟೆ ಐವತ್ತೆಂಟು ನಿಮಿಷ. ಉಳಿದ ಹನ್ನೊಂದೂ ಭಾವ ಹಿಂದೆ ತಾವೇ ಪ್ರಕಟಿಸಿದ ತಪ್ಪುಗಳು. ನನ್ನದು ಏಳನೆಯ ಸಾಲಿನಲ್ಲಿ, ಅವರ ತಪ್ಪುಗಳ ನಡುವೆ, ಯಾವ ವಿಶೇಷವೂ ಇಲ್ಲದೆ ಕೂತಿತ್ತು. ತಪ್ಪು ಮಾಡುವುದರಲ್ಲೂ ಅವರು ನನ್ನನ್ನು ಹಿಂದೆ ಹಾಕಿದ್ದರು. ಸಂಜೆ ಅಕ್ಕನ ಫೋನು: "ನಿನ್ನ ಹೆಸರೂ ಅವರ ಲೇಖನದಲ್ಲಿ ಬಂದಿದೆಯಂತೆ ಕಣೋ! ಅಮ್ಮಂಗೆ ಹೇಳ್ದೆ, ತುಂಬಾ ಖುಷಿಪಟ್ಲು."

ಮುಖ್ಯಸ್ಥರ ಕುರ್ಚಿ ಅವರಿಗೇ ಸಿಕ್ಕಿತು. ಆ ದಿನ ಅವರ ಮೇಜಿನ ಮುಂದೆ ನಿಂತು, ಅಭಿನಂದನೆ ಹೇಳಲು ಹೋದವನು, "ನಾಲ್ಕು ಮಾತು ಬೈದುಬಿಡ್ಬಾರದಿತ್ತಾ ಭಾವ?" ಎಂದುಬಿಟ್ಟೆ. ಅವರಿಗೆ ನಿಜವಾಗಿಯೂ ಅರ್ಥವಾಗಲಿಲ್ಲ.

"ಯಾಕಯ್ಯ ಬೈಬೇಕು? ನಿನ್ನ ಅಳತೆ ಎಲ್ಲಾ ಸರಿಯಾಗೇ ಇತ್ತು, ಸುತ್ತಿನ ಎಣಿಕೆ ಒಂದೇ ತಪ್ಪಿದ್ದು. ನಾನು ಅದನ್ನೂ ಸೇರಿಸ್ಕೊಂಡೇ ಲೆಕ್ಕ ಮಾಡಿದ್ದು."

ಲೋಕದಲ್ಲಿ ಇಂಥದೊಂದು ಬಗೆಯ ಜನರಿದ್ದಾರೆ. ತಮ್ಮ ತಪ್ಪನ್ನೂ ಪರರ ತಪ್ಪನ್ನೂ ಒಂದೇ ಗಾತ್ರದ ಅಕ್ಷರದಲ್ಲಿ ಬರೆಯಬಲ್ಲವರು. ಯಾರನ್ನೂ ಸೋಲಿಸಲು ಹೊರಟವರಲ್ಲವಾದ್ದರಿಂದ, ಅವರೆದುರು ಸೋತವನಿಗೆ ಹಗೆ ಸಾಧಿಸಲು ಒಂದು ನೆಪವನ್ನೂ ಉಳಿಸದವರು. ಲೋಕ ಅವರನ್ನು ಸಜ್ಜನರೆಂದು ಕರೆಯುತ್ತದೆ. ಕರೆಯಲಿ, ಆದರೆ ಅವರ ಎದುರಿನ ಮೇಜಿನಲ್ಲಿ ಇಪ್ಪತ್ತೆರಡು ವರ್ಷ ಕೂತು, ಆಮೇಲೆ ಕರೆಯಲಿ.