ಹಸಿರು ಸೀರೆ

ಸಿನಿಮಾದಲ್ಲಿ ಬೀಗರು ಚಕ್ಕಡಿಯಿಂದ ಇಳಿಯುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಗಿ ಟಿವಿ ಕಪ್ಪಾಯಿತು. ಉಮಾಪತಿ ರಿಮೋಟು ಒತ್ತಿದ, ಮತ್ತೆ ಒತ್ತಿದ, ಎದ್ದು ಸ್ವಿಚ್ಚು ನೋಡಿದ, ಹೊಸ್ತಿಲ ತನಕ ಹೋಗಿ ತಿರುಗಿ ಬಂದ. ಎರಡು ತಿಂಗಳಿಂದ ಅವನು ಆ ಹೊಸ್ತಿಲು ದಾಟಿರಲಿಲ್ಲ.

ನವಲಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದವನು. ಒಂದು ದಿನ ಬೋರ್ಡಿನ ಮೇಲೆ ಅರ್ಧ ಲೆಕ್ಕ ಬರೆದು ನಿಂತುಬಿಟ್ಟ. ಮುಂದಿನ ಸಾಲಿಗೆ ಕೈ ಏಳಲಿಲ್ಲ. ಕೊಪ್ಪಳದ ಡಾಕ್ಟರು ಖಿನ್ನತೆ ಎಂದರು, ಗುಳಿಗೆ ಕೊಟ್ಟರು, ದಿನಾ ಹತ್ತು ಹೆಜ್ಜೆಯಾದರೂ ಹೊರಗೆ ನಡೆಯಿರಿ ಎಂದರು. ಹೆಂಡತಿ ವಾಣಿಶ್ರೀ ಬ್ಯಾಂಕಿಗೆ ಹೊರಡುವಾಗ ಬೆಳಗ್ಗೆಯೂ ಹೇಳಿ ಹೋಗಿದ್ದಳು: "ಇವತ್ತರ ಓಣಿ ಮೂಲಿ ಅಂಗಡಿ ಮಟ ಹೋಗಿ ಬರ್ರಿ." ಅವನು ಹೂಂ ಎಂದಿದ್ದ. ದಿನಾ ಹೂಂ ಅನ್ನುತ್ತಿದ್ದ.

ಹೋಗುತ್ತಿದ್ದುದು ಸಿನಿಮಾದೊಳಗೆ ಮಾತ್ರ, ಅದೂ ಒಂದೇ ಹಳೆಯ ಸಿನಿಮಾ. ಅಣ್ಣನೊಬ್ಬ ತಂಗಿಯ ಮದುವೆ ಮಾಡುತ್ತಾನೆ, ಅಷ್ಟೇ ಕಥೆ. ಹೊಸದೇನು ಹಾಕಿದರೂ ಮುಂದೇನು ಕಾದಿದೆಯೋ ಎಂದು ಅವನ ಎದೆ ಹೊಡೆದುಕೊಳ್ಳುತ್ತಿತ್ತು. ಇದರಲ್ಲಿ ಯಾರೂ ಸಾಯುವುದಿಲ್ಲ. ಕಳೆದುಹೋದ ಆಕಳು ಕೂಡ ಹತ್ತು ನಿಮಿಷದಲ್ಲಿ ಸಿಕ್ಕೇ ಸಿಗುತ್ತದೆ.

ತಾಯಿ ಫಕೀರಮ್ಮ ಮೊರದಲ್ಲಿ ಅಕ್ಕಿ ಆರಿಸುತ್ತ ದಿನವೂ ಪಕ್ಕದಲ್ಲಿ ಕೂರುತ್ತಿದ್ದಳು. ಬೇಸರ ಎಂದು ಒಮ್ಮೆಯೂ ಅನ್ನಲಿಲ್ಲ. ಅನ್ನದಲ್ಲಿ ಮಾತ್ರ ಈಚೆಗೆ ಕಲ್ಲು ಸಿಗತೊಡಗಿದ್ದವು. ಭತ್ತದ ಕಣಜವಾದ ಗಂಗಾವತಿಯಲ್ಲಿದ್ದುಕೊಂಡು ಕಲ್ಲು ಅಗಿಯುವ ಹಣೆಬರಹವೇ ಎಂದು ವಾಣಿಶ್ರೀ ಅಂಗಡಿಯವನ ಜೊತೆ ಜಗಳವಾಡಿಯೂ ಬಂದಿದ್ದಳು.

"ಎಷ್ಟ ಅಡ್ಡಾಡ್ತಿ, ಕುಂದ್ರಪಾ. ಮುಂದಿಂದು ನಾ ಹೇಳ್ತೀನಿ," ಎಂದಳು ಫಕೀರಮ್ಮ. "ಬೀಗರು ಇಳೀತಾರ. ಅಣ್ಣ ಕಾಲಿಗೆ ನೀರು ಕೊಡ್ತಾನ. ತಂಗಿ ಹಸರ ಸೀರಿ ಉಟ್ಕೊಂಡು ಅವಲಕ್ಕಿ ತರ್ತಾಳ..."

ಉಮಾಪತಿ ನಿಂತ. "ಹಸರ ಸೀರಿ ಎಲ್ಲಿಂದ ಬಂತಬೇ? ಅದು ಬಣ್ಣದ ಸಿನಿಮಾ ಅಲ್ಲ. ಕಪ್ಪು ಬಿಳುಪು."

ಮೊರದಲ್ಲಿ ಆಡುತ್ತಿದ್ದ ಬೆರಳುಗಳು ನಿಂತವು. "ಹೌದಲ್ಲ, ಮರ್ತಿದ್ದೆ."

"ಎರಡು ತಿಂಗಳು ದಿನಾ ನೋಡಿ ಮರೀತಾರೇನು?" ಮಾಸ್ತರಿಕೆಯ ದನಿ ಹಾಗೇ ಹೊರಗೆ ಬಂತು. ಅವನು ಅವಳೆದುರು ಕುಕ್ಕರಗಾಲಲ್ಲಿ ಕೂತ. ಆರಿಸಿಟ್ಟ ಅಕ್ಕಿಯಲ್ಲಿ ಕಡಲೆಯಷ್ಟು ದೊಡ್ಡ ಕಲ್ಲೊಂದಿತ್ತು. ಅದನ್ನು ಎರಡು ಬೆರಳಲ್ಲಿ ಹಿಡಿದು ಅವಳ ಮುಖದ ಹತ್ತಿರ ತಂದ. "ಇದೇನೈತಿ ಹೇಳು."

ಫಕೀರಮ್ಮ ಕತ್ತು ಓರೆ ಮಾಡಿದಳು. "ನಿನ್ನ ಕೈ ಐತಿ."

ಅವನು ಕಲ್ಲನ್ನು ಮೊರದ ಆಚೆ ಇಟ್ಟ. "ಯಾವಾಗಿಂದ ಹಿಂಗ?"

"ಯುಗಾದಿ ಆದಮ್ಯಾಲಿಂದ. ಕಣ್ಣಿಗೆ ಪೊರಿ ಬಂದೈತಿ, ಆಪರೇಷನ್ ಆಗಬೇಕು ಅಂತ ಆಶಾ ಕಾರ್ಯಕರ್ತಿ ಮುಬಾಶಿರಾ ಹೇಳ್ಯಾಳ. ದವಾಖಾನಿಗೆ ನನ್ನ ಜೋಡಿ ಮನ್ಯಾಗಿನವ್ರು ಒಬ್ರು ಬರಬೇಕಂತ. ಮೊದ್ಲ ನೀ ಆರಾಮಾಗು ಅಂತ ಸುಮ್ನಿದ್ದೆ."

"ಮತ್ತ ದಿನಾ ಟಿವಿ ಮುಂದ ಕುಂತು ಏನು ನೋಡ್ತಿದ್ದಿ?"

"ನೀ ಎಲ್ಲೆಲ್ಲಿ ಉಸುರು ಬಿಡ್ತಿ ಅಂತ ಕೇಳ್ತಿದ್ದೆ. ಆಕಳ ಸಿಕ್ಕಾಗ ಒಮ್ಮಿ. ತಾಳಿ ಕಟ್ಟುವಾಗ ಒಮ್ಮಿ."

ಉಮಾಪತಿಗೆ ಅವ್ವನ ಮೇಲೆ ಸಿಟ್ಟು ಬಂತು, ಅದರ ಎರಡರಷ್ಟು ತನ್ನ ಮೇಲೆ. ಮತ್ತೆ ಅಡ್ಡಾಡಿದ. ಗೂಟದ ಅಂಗಿ ತೆಗೆದು ಹಾಕಿಕೊಂಡ, ಗುಂಡಿ ತಪ್ಪಿದವು, ಬಿಚ್ಚಿ ಮತ್ತೆ ಹಾಕಿದ. "ಮುಬಾಶಿರಾ ಮನಿ ಎಲ್ಲೈತಿ?"

"ಮೂಲಿ ಅಂಗಡಿ ದಾಟಿ ಎರಡನೇದು. ಬ್ಯಾಡಪಾ, ಈಗ ಕರೆಂಟ್ ಬರತೈತಿ."

ಅವನು ಹೊಸ್ತಿಲಿಗೆ ಹೋದ. ಹೊರಗೆ ಬಿಸಿಲು ಚುರುಗುಟ್ಟುತ್ತಿತ್ತು, ಭತ್ತದ ಲಾರಿಯೊಂದು ಹಾದುಹೋಯಿತು. ಎತ್ತಿದ ಕಾಲು ಮತ್ತೆ ಒಳಗೇ ಬಂತು. ಬೆವರಿದ ಅಂಗೈಯನ್ನು ಅಂಗಿಗೆ ಒರೆಸಿಕೊಂಡ. ಇವತ್ತೂ ಆಗುವುದಿಲ್ಲ ಎಂದು ಅವನಿಗೆ ಖಾತ್ರಿಯಾಯಿತು.

ಹಿಂದಿನಿಂದ ಫಕೀರಮ್ಮ ಗೋಡೆ ಸವರುತ್ತ ಬಂದು ಅವನ ಹೆಗಲು ಹಿಡಿದಳು. "ನಾನೂ ಬರ್ತೀನಿ. ಆದ್ರ ನನಗ ಮೆಟ್ಲ ಕಾಣಂಗಿಲ್ಲ, ನೀನ ಮುಂದ ಇಳಿ."

ಅವನು ಇಳಿದ. ಹೆಗಲ ಮೇಲಿನ ಕೈ ಅವನ ಜೊತೆಗೇ ಇಳಿಯಿತು. ಒಳಗೆ ಫ್ಯಾನು ಕಿರ್ರೆಂದು ತಿರುಗತೊಡಗಿತು.

"ಕರೆಂಟ್ ಬಂತು," ಎಂದಳು ಫಕೀರಮ್ಮ.

"ಇನ್ನೊಂದು ಮೆಟ್ಲ ಐತಿ ಯವ್ವಾ," ಎಂದ ಉಮಾಪತಿ. "ಸಾವಕಾಶ."